ಗಾಲಿಯ ಪಾಲು, ಗಾಳಿಯ ಪಾಲು

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನ ಡಿಗ್ಗಿ ಎಂಬ ಹಳ್ಳಿಯ ಬಳಿ ಕಾಳೀ ನದಿಯು ಹುಟ್ಟುತ್ತದೆ. ದಟ್ಟವಾದ ಕಾಡು, ಆಳವಾದ ಕಣಿವೆ, ಕಡಿದಾದ ಘಟ್ಟ ಇವುಗಳ ನಡುವೆ ಸುಮಾರು 184 ಕಿಲೋಮೀಟರು ದೂರ ಹರಿದು, ಅದು ಕಾರವಾರದ ಸಮೀಪ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಈ ನದಿಯನ್ನು ಪಾಂಡರಿ ಎಂಬ ಹೊಳೆಯು ಕೂಡಿಕೊಳ್ಳುವ ಎಡೆಯಲ್ಲಿ ಹಿಂದೆ ಸೂಪಾ ಎಂಬ ಊರಿತ್ತು. ಅದು ತಾಲೂಕಿನ ಮುಖ್ಯ ಸ್ಥಳವಾಗಿತ್ತು. ತಾಲೂಕನ್ನೂ ಅದೇ ಹೆಸರಿನಿಂದ ಕರೆಯುತ್ತಿದ್ದರು. ಇಂದು ಆ ಹಳೆಯ ಊರು ಜಲಾಶಯದ ತಳದಲ್ಲಿದೆ.

ಗಣೇಶಗುಡಿಯ ಬಳಿ ಕಾಳಿಗೆ ಅಡ್ಡಲಾಗಿ 101 ಮೀಟರು ಎತ್ತರದ ಕಾಂಕ್ರೀಟಿನ ಅಣೆಕಟ್ಟು ಎದ್ದು ನಿಂತಾಗ, 1980ರ ದಶಕದಲ್ಲಿ, ಸೂಪಾ ಪಟ್ಟಣವೂ ಸುತ್ತಲಿನ ಹಳ್ಳಿಗಳೂ ನೀರಿನಲ್ಲಿ ಮುಳುಗಿದವು. ತಲೆಮಾರುಗಳಿಂದ ಬಾಳಿದ ಮನೆಯನ್ನೂ ಉತ್ತ ಗದ್ದೆಯನ್ನೂ ಬಿಟ್ಟು ಜನರು ರಾಮನಗರ ಮೊದಲಾದ ಕಡೆಗಳಲ್ಲಿ ಹೊಸದಾಗಿ ಒಲೆ ಹೂಡಬೇಕಾಯಿತು. ತಾಲೂಕಿನ ಮುಖ್ಯ ಸ್ಥಳವು ಜೋಯಿಡಾಕ್ಕೆ ಹೋಯಿತು. ಸೂಪಾ ಎಂಬ ಹೆಸರು ಅಣೆಕಟ್ಟಿಗೆ ಉಳಿಯಿತು.

ಈ ಅಣೆಕಟ್ಟಿನ ಹಿಂದೆ ಸುಮಾರು 147 ಶತಕೋಟಿ ಘನ ಅಡಿಗಳಷ್ಟು ನೀರು ನಿಲ್ಲಬಲ್ಲದು. ಅದರ ಬುಡದಲ್ಲಿರುವ ವಿದ್ಯುದಾಗಾರದಲ್ಲಿ ತಲಾ 50 ಮೆಗಾವಾಟ್ ಸಾಮರ್ಥ್ಯದ ಎರಡು ಯಂತ್ರಗಳಿವೆ. ಅಲ್ಲಿ ದುಡಿದ ನೀರು ಮುಂದೆ ಬೊಮ್ಮನಹಳ್ಳಿ ಜಲಾಶಯವನ್ನು ಸೇರಿ, ಸುರಂಗದ ಮೂಲಕ ನಾಗಝರಿಯ ವಿದ್ಯುದಾಗಾರಕ್ಕೆ ಧುಮುಕುತ್ತದೆ. ಬಳಿಕ ಕೊಡಸಳ್ಳಿಯಲ್ಲಿ ದುಡಿಯುತ್ತದೆ. ಕೊನೆಗೆ ಕದ್ರಾದಲ್ಲಿ ದುಡಿದು ಕಡಲಿನತ್ತ ಸಾಗುತ್ತದೆ. ಹೀಗೆ ಒಂದೇ ನೀರು ನಾಲ್ಕು ಎಡೆಗಳಲ್ಲಿ ವಿದ್ಯುಚ್ಛಕ್ತಿಯನ್ನು ಕೊಡುತ್ತದೆ.

ಆ ವಿದ್ಯುಚ್ಛಕ್ತಿಯು ತಂತಿಗಳ ಮೂಲಕ ನಾಡಿನ ಮೂಲೆ ಮೂಲೆಗೂ ಹರಿದು ದೀಪ ಬೆಳಗುತ್ತದೆ, ಪಂಪುಗಳನ್ನು ತಿರುಗಿಸುತ್ತದೆ, ಕಾರ್ಖಾನೆಗಳನ್ನು ನಡೆಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅದಕ್ಕೆ ಹೊಸದೊಂದು ಕೆಲಸ ದೊರೆತಿದೆ. ಅದೇ ಕಾರುಗಳನ್ನು ಓಡಿಸುವ ಕೆಲಸ. ವಿದ್ಯುತ್ ಕಾರಿನಲ್ಲಿ ಕುಳಿತವರು ಎರಡು ಅನುಕೂಲಗಳನ್ನು ಬಯಸುತ್ತಾರೆ: ದೂರದ ಊರನ್ನು ಮುಟ್ಟಬೇಕು, ದಾರಿಯುದ್ದಕ್ಕೂ ಸೆಕೆಯಿಲ್ಲದೆ, ಚಳಿಯಿಲ್ಲದೆ ಸುಖವಾಗಿ ಕುಳಿತಿರಬೇಕು. ಈ ಎರಡೂ ಬಯಕೆಗಳು ಒಂದೇ ಉಗ್ರಾಣದಿಂದ ತೀರಬೇಕಾಗಿವೆ. ಆ ಉಗ್ರಾಣದಲ್ಲಿ ಗಾಲಿಗೆ ಎಷ್ಟು ಪಾಲು, ಗಾಳಿಯನ್ನು ತಂಪಾಗಿಸಲು ಅಥವಾ ಬಿಸಿಯಾಗಿಸಲು ಎಷ್ಟು ಪಾಲು ಎಂಬುದನ್ನು ಅರಿಯುವುದು ಈ ಕಾಲಕ್ಕೆ ಅಗತ್ಯವಾದ ತಿಳಿವಳಿಕೆ.

ಮೊದಲು ಅಳತೆಯ ಮಾತು. ವಿದ್ಯುಚ್ಛಕ್ತಿಯನ್ನು ಯೂನಿಟ್ಟಿನಲ್ಲಿ ಅಳೆಯುತ್ತಾರೆ. ಒಂದು ಕಿಲೋವಾಟ್ ಸಾಮರ್ಥ್ಯದ ಉಪಕರಣವು ಒಂದು ಗಂಟೆ ಕಾಲ ದುಡಿದರೆ ಒಂದು ಯೂನಿಟ್ಟು ವೆಚ್ಚವಾಗುತ್ತದೆ. ಒಂದು ಯೂನಿಟ್ಟು ಎಂದರೆ 36 ಲಕ್ಷ ಜೌಲುಗಳು. ಇದಕ್ಕೆ ಎಷ್ಟು ನೀರು ಬೇಕು? ಸಾವಿರ ಲೀಟರು ನೀರು, ಅಂದರೆ ಸಾವಿರ ಕಿಲೋಗ್ರಾಂ, 100 ಮೀಟರು ಎತ್ತರದಿಂದ ಇಳಿದಾಗ ದೊರೆಯುವ ಶಕ್ತಿಯು 9 ಲಕ್ಷ 80 ಸಾವಿರ ಜೌಲುಗಳು. ಇದು ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು. ಯಂತ್ರಗಳಲ್ಲಿ ನಷ್ಟವಾಗುವ ಪಾಲನ್ನು ಕಳೆದರೆ, ಒಂದು ಯೂನಿಟ್ಟು ವಿದ್ಯುತ್ತಿಗಾಗಿ ಸುಮಾರು 4000 ಲೀಟರು ನೀರು 100 ಮೀಟರು ಇಳಿಯಬೇಕೆಂದಾಯಿತು. ಹದಿನೈದು ಲೀಟರು ಹಿಡಿಯುವ ಕೊಡದಲ್ಲಿ ಅಳೆದರೆ ಇದು ಸುಮಾರು 270 ಕೊಡ ನೀರು!

ನಾಡಿನ ವಿದ್ಯುತ್ತೆಲ್ಲ ನೀರಿನಿಂದಲೇ ಬರುವುದಿಲ್ಲವೆಂಬುದು ನಿಜ. ರಾಯಚೂರಿನಲ್ಲಿ ಕಲ್ಲಿದ್ದಲು ಉರಿಯುತ್ತದೆ. ಕಾಳಿಯ ದಡದಲ್ಲೇ ಇರುವ ಕೈಗಾದಲ್ಲಿ ಪರಮಾಣು ಶಕ್ತಿಯು ದುಡಿಯುತ್ತದೆ. ಪಾವಗಡದ ಬಯಲಿನಲ್ಲಿ ಸೂರ್ಯನ ಬಿಸಿಲೇ ವಿದ್ಯುತ್ತಾಗುತ್ತದೆ. ಎಲ್ಲವೂ ಒಂದೇ ಜಾಲದಲ್ಲಿ ಕೂಡಿದ ಮೇಲೆ ಯಾವ ಯೂನಿಟ್ಟು ಎಲ್ಲಿಂದ ಬಂತೆಂದು ಬೇರ್ಪಡಿಸಿ ಹೇಳಲಾಗದು. ಆದರೂ ಎಲ್ಲಿಂದ ಬಂದರೂ ಅದಕ್ಕೊಂದು ಬೆಲೆಯನ್ನು ಯಾರೋ ತೆತ್ತಿರುತ್ತಾರೆ ಎಂಬುದನ್ನು ಸೂಪಾದ ನೀರು ನೆನಪಿಸುತ್ತದೆ.

ವಿದ್ಯುತ್ ಕಾರು ಕರ್ನಾಟಕಕ್ಕೆ ಹೊಸತೇನಲ್ಲ. 2001ರಲ್ಲಿಯೇ ಬೆಂಗಳೂರಿನಲ್ಲಿ ತಯಾರಾದ 'ರೇವಾ' ಎಂಬ ಪುಟ್ಟ ಕಾರು ಬೀದಿಗಿಳಿಯಿತು. ಮುಂದೆ ಅದು ಲಂಡನ್ನಿನ ಬೀದಿಗಳಲ್ಲಿಯೂ ಓಡಾಡಿತು. ಸೀಸದ ಬ್ಯಾಟರಿಗಳನ್ನು ಹೊತ್ತ ಆ ಕಾರು ಒಮ್ಮೆ ವಿದ್ಯುತ್ ತುಂಬಿಸಿಕೊಂಡರೆ ಸುಮಾರು 80 ಕಿಲೋಮೀಟರು ಓಡುತ್ತಿತ್ತು. ಆರು ವೋಲ್ಟಿನ ಎಂಟು ಬ್ಯಾಟರಿಗಳು ಕೂಡಿ 48 ವೋಲ್ಟು. ಅವುಗಳ ಧಾರಣೆ 200 ಆಂಪಿಯರ್-ಗಂಟೆ. ಇವೆರಡನ್ನೂ ಗುಣಿಸಿದರೆ 9600 ವಾಟ್-ಗಂಟೆ, ಎಂದರೆ ಹತ್ತು ಯೂನಿಟ್ಟಿಗೂ ಕಡಿಮೆ. ಇಷ್ಟು ಸಣ್ಣ ಕಣಜದಿಂದ ಗಾಲಿಗೂ ಕಾಳು ಅಳೆಯಬೇಕು, ಗಾಳಿಗೂ ಅಳೆಯಬೇಕು ಎಂದರೆ ಎಷ್ಟು ಕಷ್ಟವೆಂಬುದನ್ನು ಊಹಿಸಬಹುದು. ಇಂದಿನ ಕಾರುಗಳಲ್ಲಿ ಸೀಸದ ಬದಲು ಲಿಥಿಯಂ ಬ್ಯಾಟರಿಗಳಿವೆ. ಅವು ಅಷ್ಟೇ ತೂಕದಲ್ಲಿ ಎಷ್ಟೋ ಪಾಲು ಹೆಚ್ಚಿನ ಶಕ್ತಿಯನ್ನು ಹಿಡಿದಿಡುತ್ತವೆ. ಕಣಜವೇನೋ ದೊಡ್ಡದಾಗಿದೆ, ಆದರೆ ಪಾಲಿನ ಪ್ರಶ್ನೆ ಇದ್ದಲ್ಲಿಯೇ ಇದೆ.

ಪೆಟ್ರೋಲಿನ ಕಾರುಗಳ ಕಾಲದಲ್ಲಿ ಈ ಪ್ರಶ್ನೆ ಏಕೆ ಏಳಲಿಲ್ಲ? ಕಾರಣ ಎರಡು. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ಟುಗಳಷ್ಟು ಶಕ್ತಿ ಅಡಗಿದೆ. 35 ಲೀಟರಿನ ತೊಟ್ಟಿ ತುಂಬಿದರೆ ಅದರಲ್ಲಿ 300 ಯೂನಿಟ್ಟುಗಳಿಗೂ ಮಿಕ್ಕಿದ ಶಕ್ತಿ ಇರುತ್ತದೆ. ಅದರಿಂದ ಒಂದೆರಡು ಯೂನಿಟ್ಟನ್ನು ತಂಪಿಗಾಗಿ ತೆಗೆದರೆ ಯಾರ ಗಮನಕ್ಕೂ ಬರುವುದಿಲ್ಲ. ಇದು ಮೊದಲನೆಯ ಕಾರಣ. ಎರಡನೆಯದು, ಪೆಟ್ರೋಲಿನ ಎಂಜಿನ್ನು ಬಹಳ ದುಂದುಗಾರ. ಉರಿದ ಇಂಧನದಲ್ಲಿ ಕಾಲುಭಾಗದಷ್ಟು ಮಾತ್ರ ಗಾಲಿಗೆ ಮುಟ್ಟುತ್ತದೆ. ಉಳಿದುದು ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಚಳಿನಾಡಿನಲ್ಲಿ ಈ ಬಿಸಿಯನ್ನೇ ತುಸು ತಿರುಗಿಸಿ ಕಾರಿನೊಳಕ್ಕೆ ಬಿಟ್ಟರೆ ಬೆಚ್ಚಗಾಯಿತು. ಒಲೆಯಲ್ಲಿ ಅಡುಗೆ ಬೇಯುವಾಗ ಪಕ್ಕದಲ್ಲಿ ಕುಳಿತವರಿಗೆ ಬಿಟ್ಟಿಯಾಗಿ ಕಾವು ಸಿಕ್ಕಂತೆ ಇದು. ವಿದ್ಯುತ್ ಮೋಟಾರು ಹಾಗಲ್ಲ. ಅದು ತನಗೆ ಬಂದ ಶಕ್ತಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಗಾಲಿಗೆ ಕೊಡುತ್ತದೆ. ಮಿತವ್ಯಯಿಯ ಮನೆಯಲ್ಲಿ ಬಿಟ್ಟಿ ಕಾವಿಗೆ ಎಡೆಯೆಲ್ಲಿ? ಆದುದರಿಂದ ಅಲ್ಲಿ ಬೆಚ್ಚನೆಯ ಗಾಳಿ ಬೇಕೆಂದರೂ ಬ್ಯಾಟರಿಯನ್ನೇ ಕೇಳಬೇಕು, ತಂಪು ಗಾಳಿ ಬೇಕೆಂದರೂ ಬ್ಯಾಟರಿಯನ್ನೇ ಕೇಳಬೇಕು.

ಇನ್ನು ಹವಾನಿಯಂತ್ರಣದ ಕ್ರಮ. ಮಣ್ಣಿನ ಹೂಜಿಯಲ್ಲಿಟ್ಟ ನೀರು ಬೇಸಗೆಯಲ್ಲಿಯೂ ತಣ್ಣಗಿರುತ್ತದೆಯಷ್ಟೆ. ಹೂಜಿಯ ಮೈಯಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ನೀರಿನಿಂದ ಶಾಖವನ್ನು ಹೀರಿಕೊಂಡು ಹೋಗುವುದೇ ಇದಕ್ಕೆ ಕಾರಣ. ಎ.ಸಿ. ಎಂದು ಎಲ್ಲರೂ ಕರೆಯುವ ಯಂತ್ರವೂ ಈ ತತ್ತ್ವವನ್ನೇ ನಂಬಿದೆ. ಅದರಲ್ಲಿ ಸುಲಭವಾಗಿ ಆವಿಯಾಗುವ ದ್ರವವೊಂದು ಕೊಳವೆಗಳಲ್ಲಿ ಸುತ್ತುತ್ತಿರುತ್ತದೆ. ಕಾರಿನ ಒಳಭಾಗದ ಸುರುಳಿಯಲ್ಲಿ ಅದು ಆವಿಯಾಗಿ ಅಲ್ಲಿನ ಗಾಳಿಯ ಶಾಖವನ್ನು ಹೀರುತ್ತದೆ. ಆ ಆವಿಯನ್ನು ಕಂಪ್ರೆಸರ್ ಎಂಬ ಯಂತ್ರವು ಒತ್ತಿ, ಕಾರಿನ ಮುಂಭಾಗದ ಸುರುಳಿಗೆ ತಳ್ಳುತ್ತದೆ. ಅಲ್ಲಿ ಅದು ಹೊತ್ತು ತಂದ ಶಾಖವನ್ನು ಹೊರಗಿನ ಗಾಳಿಗೆ ಒಪ್ಪಿಸಿ ಮತ್ತೆ ದ್ರವವಾಗುತ್ತದೆ. ನೀರನ್ನು ತಗ್ಗಿನಿಂದ ದಿಣ್ಣೆಗೆ ಏರಿಸಲು ಪಂಪು ಬೇಕಾದಂತೆ, ಶಾಖವನ್ನು ತಂಪಾದ ಕಡೆಯಿಂದ ಬಿಸಿಯಾದ ಕಡೆಗೆ ಏರಿಸಲು ಈ ಕಂಪ್ರೆಸರ್ ಬೇಕು. ಅದು ಉಣ್ಣುವುದು ಬ್ಯಾಟರಿಯ ವಿದ್ಯುತ್ತನ್ನು. ಆದರೆ ಅದರಲ್ಲೊಂದು ಗುಣವಿದೆ: ಒಂದು ಯೂನಿಟ್ಟು ಉಂಡು ಎರಡು ಮೂರು ಯೂನಿಟ್ಟುಗಳಷ್ಟು ಶಾಖವನ್ನು ಹೊರಕ್ಕೆ ಸಾಗಿಸಬಲ್ಲದು.

ಇಲ್ಲೊಂದು ಸ್ವಾರಸ್ಯವಾದ ಸಂಗತಿಯುಂಟು. ಶಿವನಸಮುದ್ರದ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದುದು 1902ರಲ್ಲಿ. ಅದೇ ವರ್ಷ ಅಮೆರಿಕದ ನ್ಯೂಯಾರ್ಕಿನಲ್ಲಿ ವಿಲಿಸ್ ಕ್ಯಾರಿಯರ್ ಎಂಬ ಎಂಜಿನಿಯರು ಮುದ್ರಣಾಲಯವೊಂದಕ್ಕಾಗಿ ಆಧುನಿಕ ಹವಾನಿಯಂತ್ರಣದ ಮೊದಲ ವ್ಯವಸ್ಥೆಯನ್ನು ರೂಪಿಸಿದನು. ಅವನ ಉದ್ದೇಶವು ಜನರನ್ನು ತಂಪಾಗಿಡುವುದಾಗಿರಲಿಲ್ಲ. ತೇವದ ಗಾಳಿಯಿಂದ ಕಾಗದವು ಹಿಗ್ಗಿ ಬಣ್ಣದ ಮುದ್ರಣ ಕೆಡುತ್ತಿತ್ತು. ಗಾಳಿಯ ತೇವವನ್ನು ಹದದಲ್ಲಿಡುವುದೇ ಅವನ ಗುರಿಯಾಗಿತ್ತು. ತೇವವನ್ನು ತೆಗೆಯುವ ಈ ಗುಣವು ಮಲೆನಾಡಿನ ಮಳೆಗಾಲದಲ್ಲಿ ಎಷ್ಟು ಮುಖ್ಯವೆಂಬುದು ಮುಂದೆ ತಿಳಿಯುತ್ತದೆ.

ಈಗ ಪಾಲಿನ ಲೆಕ್ಕವನ್ನು ನೋಡಬಹುದು. 30 ಯೂನಿಟ್ಟು ಹಿಡಿಯುವ ಬ್ಯಾಟರಿಯುಳ್ಳ ಒಂದು ಕಾರು ಇದೆಯೆಂದೂ, ಸಮತಟ್ಟಾದ ರಸ್ತೆಯಲ್ಲಿ ಅದು ಯೂನಿಟ್ಟಿಗೆ 7 ಕಿಲೋಮೀಟರು ಓಡುತ್ತದೆಯೆಂದೂ ಭಾವಿಸೋಣ. ಎ.ಸಿ. ಹಾಕದಿದ್ದರೆ ಅದು 210 ಕಿಲೋಮೀಟರು ಹೋಗಬೇಕು. ಕಾರಿನ ಎ.ಸಿ.ಯು ಸಾಧಾರಣ ಸೆಕೆಯಲ್ಲಿ ಗಂಟೆಗೆ ಒಂದು ಯೂನಿಟ್ಟು ವೆಚ್ಚ ಮಾಡುತ್ತದೆಂದು ಇಟ್ಟುಕೊಂಡರೆ, ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಸಾಗುವಾಗ ಗಾಲಿಗೆ ಸುಮಾರು ಎಂಟೂವರೆ ಯೂನಿಟ್ಟು, ಗಾಳಿಗೆ ಒಂದು ಯೂನಿಟ್ಟು ಬೇಕು. ಬ್ಯಾಟರಿ ತೀರುವ ಹೊತ್ತಿಗೆ ಕಾರು 188 ಕಿಲೋಮೀಟರು ಸಾಗಿರುತ್ತದೆ. ಕಳೆದುಕೊಂಡ ದೂರವು 22 ಕಿಲೋಮೀಟರು. ಹತ್ತರಲ್ಲಿ ಒಂದು ಪಾಲು.

ಅದೇ ಕಾರು ಬೆಂಗಳೂರಿನ ಸಂಜೆಯ ವಾಹನದಟ್ಟಣೆಯಲ್ಲಿ ಸಿಕ್ಕಿ ಗಂಟೆಗೆ 15 ಕಿಲೋಮೀಟರಿನಂತೆ ತೆವಳುತ್ತಿದೆಯೆಂದು ಎಣಿಸಿದರೆ ಲೆಕ್ಕ ಬೇರೆಯಾಗುತ್ತದೆ. ಆಗ ಗಾಲಿಗೆ ಗಂಟೆಗೆ ಎರಡು ಯೂನಿಟ್ಟಿಗಿಂತ ತುಸು ಹೆಚ್ಚು ಸಾಕು. ಎ.ಸಿ.ಯಾದರೋ ಮೊದಲಿನಂತೆ ಒಂದು ಯೂನಿಟ್ಟು ಕೇಳುತ್ತದೆ. ಕಾರು ಒಟ್ಟು 143 ಕಿಲೋಮೀಟರು ಮಾತ್ರ ಸಾಗುತ್ತದೆ. ಕಳೆದುಕೊಂಡುದು 67 ಕಿಲೋಮೀಟರು. ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು! ಯಂತ್ರ ಅದೇ, ಸೆಕೆ ಅದೇ, ಕಾರು ಅದೇ. ಬದಲಾದುದು ವೇಗ ಮಾತ್ರ.

ಇದರ ಗುಟ್ಟು ಸರಳವಾದುದು. ಗಾಲಿಯು ದೂರದ ಲೆಕ್ಕದಲ್ಲಿ ಉಣ್ಣುತ್ತದೆ, ಎ.ಸಿ.ಯು ಕಾಲದ ಲೆಕ್ಕದಲ್ಲಿ ಉಣ್ಣುತ್ತದೆ. ಕಾರು ಓಡಲಿ, ನಿಲ್ಲಲಿ, ಗಂಟೆ ಕಳೆದಂತೆ ಅದಕ್ಕೆ ತನ್ನ ಪಾಲು ಸಲ್ಲಲೇಬೇಕು. ಆದ್ದರಿಂದ 'ಎ.ಸಿ. ಹಾಕಿದರೆ ಇಷ್ಟು ಕಿಲೋಮೀಟರು ಕಡಿಮೆಯಾಗುತ್ತದೆ' ಎಂದು ಒಂದೇ ಮಾತಿನಲ್ಲಿ ಹೇಳುವವರು ಅರ್ಧ ಸತ್ಯವನ್ನು ಮಾತ್ರ ಹೇಳುತ್ತಾರೆ. ಎಷ್ಟು ಹೊತ್ತಿನ ಪ್ರಯಾಣ ಎಂಬುದನ್ನು ಕೇಳದೆ ಆ ಲೆಕ್ಕ ಪೂರ್ಣವಾಗದು. ಇದೇ ಲೆಕ್ಕವು ಒಂದು ಹುಸಿ ಭಯವನ್ನೂ ಕಳೆಯುತ್ತದೆ. ರಸ್ತೆಯಲ್ಲಿ ಮರ ಬಿದ್ದು ಒಂದು ಗಂಟೆ ಕಾಲ ನಿಲ್ಲಬೇಕಾಗಿ ಬಂದರೆ ಎ.ಸಿ.ಯು ಬ್ಯಾಟರಿಯನ್ನೆಲ್ಲ ಬರಿದುಮಾಡುತ್ತದೆಂದು ಕೆಲವರು ಹೆದರುವುದುಂಟು. ಅದು ನುಂಗುವುದು ಒಂದು ಯೂನಿಟ್ಟನ್ನು; 7 ಕಿಲೋಮೀಟರಿನ ದಾರಿಯನ್ನು. ಅಷ್ಟೆ.

ಆದರೆ ಎ.ಸಿ.ಯ ಹಸಿವು ಎಲ್ಲ ಹೊತ್ತಿನಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಏಪ್ರಿಲ್ ತಿಂಗಳ ನಡುಹಗಲು ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಒಳಗು ಹೊರಗಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಬಿಸಿಲು ಗಾಜಿನ ಮೂಲಕ ಒಳಹೊಕ್ಕು ಆಸನಗಳನ್ನು ಕಾಯಿಸುತ್ತದೆ. ಆ ಶಾಖಕ್ಕೆ ಹೊರಬರಲು ದಾರಿಯಿರುವುದಿಲ್ಲ. ಅಂಥ ಕಾರನ್ನು ಏರಿದೊಡನೆ ಎ.ಸಿ. ಹಾಕಿದರೆ ಮೊದಲ ಕೆಲವು ನಿಮಿಷ ಅದು ಮೂರು ನಾಲ್ಕು ಪಟ್ಟು ರಭಸದಿಂದ ವಿದ್ಯುತ್ತನ್ನು ಎಳೆಯುತ್ತದೆ. ಗಾಳಿ ತಣಿದ ಮೇಲೆ ಶಾಂತವಾಗುತ್ತದೆ. ಐದು ಜನ ಕುಳಿತಿದ್ದರೆ ಅವರ ಮೈಯ ಶಾಖವೂ ಸೇರುತ್ತದೆ. ಸುಮ್ಮನೆ ಕುಳಿತ ಒಬ್ಬೊಬ್ಬನ ದೇಹವೂ ಸುಮಾರು 100 ವಾಟಿನ ಹಳೆಯ ಬಲ್ಬಿನಷ್ಟು ಶಾಖವನ್ನು ಹೊರಸೂಸುತ್ತದೆ. ಇದಲ್ಲದೆ ಬ್ಯಾಟರಿಯೂ ಮನುಷ್ಯನಂತೆಯೇ ಅತಿ ಸೆಕೆಯನ್ನು ಸಹಿಸದು. ಅನೇಕ ಕಾರುಗಳಲ್ಲಿ ಅದನ್ನು ತಂಪಾಗಿಡುವ ಹೊಣೆಯೂ ಇದೇ ಯಂತ್ರಕ್ಕೆ ಸೇರಿದೆ.

ಸೆಕೆಗಿಂತಲೂ ಚಳಿಯು ಹೆಚ್ಚು ಬೆಲೆ ಕೇಳುತ್ತದೆ. ಅಮೆರಿಕದ ವಾಹನಚಾಲಕರ ಸಂಘವಾದ ಅಮೆರಿಕನ್ ಆಟೋಮೊಬೈಲ್ ಅಸೋಸಿಯೇಷನ್ 2019ರಲ್ಲಿ ಐದು ಬಗೆಯ ವಿದ್ಯುತ್ ಕಾರುಗಳನ್ನು ಪರೀಕ್ಷಿಸಿತು. ಹೊರಗೆ 35 ಡಿಗ್ರಿ ಸೆಲ್ಸಿಯಸ್ ಇದ್ದಾಗ ಎ.ಸಿ. ಹಾಕಿ ಓಡಿಸಿದರೆ ಕಾರು ಸಾಗುವ ದೂರವು ಸರಾಸರಿ ನೂರಕ್ಕೆ 17ರಷ್ಟು ಕಡಿಮೆಯಾಯಿತು. ಹೊರಗೆ ಸೊನ್ನೆಗಿಂತ 7 ಡಿಗ್ರಿ ಕೆಳಗೆ ಇದ್ದು ಹೀಟರು ಹಾಕಿದಾಗಲಾದರೋ ನೂರಕ್ಕೆ 41ರಷ್ಟು ಕಡಿಮೆಯಾಯಿತು. ಅದೇ ಚಳಿಯಲ್ಲಿ ಹೀಟರು ಹಾಕದೆ ಓಡಿಸಿದಾಗ ಇಳಿತವು ನೂರಕ್ಕೆ 12 ಮಾತ್ರ. ದೂರವನ್ನು ಕಸಿದುಕೊಂಡುದರಲ್ಲಿ ಹೀಟರಿನದೇ ದೊಡ್ಡ ಪಾಲೆಂಬುದು ಇದರಿಂದ ಸ್ಪಷ್ಟ.

ಹೀಗೇಕೆ? ಹೊರಗೆ 35 ಡಿಗ್ರಿ ಇದ್ದು ಒಳಗೆ 25 ಬೇಕಾದರೆ ಅಂತರವು 10 ಡಿಗ್ರಿ. ಹೊರಗೆ ಸೊನ್ನೆಗಿಂತ 7 ಕೆಳಗಿದ್ದು ಒಳಗೆ 21 ಬೇಕಾದರೆ ಅಂತರವು 28 ಡಿಗ್ರಿ. ಏರಬೇಕಾದ ಬೆಟ್ಟವೇ ದೊಡ್ಡದು. ಅಲ್ಲದೆ ತಂತಿಯನ್ನು ಕಾಯಿಸಿ ಬಿಸಿಗಾಳಿ ಕೊಡುವ ಸಾಮಾನ್ಯ ಹೀಟರಿನಲ್ಲಿ ಒಂದು ಯೂನಿಟ್ಟು ವಿದ್ಯುತ್ತಿಗೆ ಒಂದು ಯೂನಿಟ್ಟು ಶಾಖ ಮಾತ್ರ ಸಿಗುತ್ತದೆ. ಎ.ಸಿ.ಯಂತೆ ಒಂದಕ್ಕೆ ಎರಡು ಮೂರರ ಲಾಭ ಅದಕ್ಕಿಲ್ಲ. ಈ ಕೊರತೆಯನ್ನು ನೀಗಲೆಂದು ಈಗ ಅನೇಕ ಕಾರುಗಳಲ್ಲಿ ಶಾಖದ ಪಂಪನ್ನು ಅಳವಡಿಸುತ್ತಾರೆ. ಎ.ಸಿ.ಯನ್ನೇ ಹಿಂದುಮುಂದಾಗಿ ದುಡಿಸಿದರೆ ಅದು ಶಾಖದ ಪಂಪಾಗುತ್ತದೆ. ಹೊರಗಿನ ಚಳಿಗಾಳಿಯಲ್ಲಿಯೂ ಅಡಗಿರುವ ಶಾಖವನ್ನು ಹೆಕ್ಕಿ ತಂದು ಅದು ಒಳಕ್ಕೆ ಬಿಡುತ್ತದೆ. ಕೊರೆಯುವ ಗಾಳಿಯಲ್ಲಿ ಶಾಖವೆಲ್ಲಿಂದ ಬಂತೆಂದು ಅಚ್ಚರಿಯಾಗಬಹುದು. ಕೈಗೆ ತಣ್ಣಗೆನಿಸುವ ವಸ್ತುವಿನಲ್ಲಿಯೂ ಶಾಖವಿದ್ದೇ ಇರುತ್ತದೆ. ಅದಕ್ಕಿಂತ ತಣ್ಣಗಿರುವ ದ್ರವವೊಂದು ಎದುರಾದರೆ ಅದು ಹರಿದುಬರುತ್ತದೆ. ಚಳಿ ಅತಿಯಾದಂತೆ ಈ ಪಂಪಿನ ಲಾಭವೂ ಕುಗ್ಗುತ್ತದೆಂಬುದನ್ನು ಮರೆಯಬಾರದು.

ಉತ್ತರ ಕನ್ನಡದಲ್ಲಿ ಇಂಥ ಹಿಮದ ಚಳಿಯಿಲ್ಲ. ಆದರೆ ಮಳೆಯಿದೆ. ಜೋಯಿಡಾ ಸೀಮೆಯ ಘಟ್ಟಗಳಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆ ನಾಡಿಗೇ ಹೆಸರಾದುದು. ಆ ದಿನಗಳಲ್ಲಿ ಸೆಕೆಯಿಲ್ಲ, ಎ.ಸಿ. ಏಕೆ ಬೇಕು ಎಂದು ಕೇಳಬಹುದು. ಉತ್ತರವು ಕಾರಿನ ಮುಂಗಾಜಿನ ಮೇಲೆ ಬರೆದಿರುತ್ತದೆ. ಒದ್ದೆ ಬಟ್ಟೆಯಿಂದ ಏಳುವ ಆವಿ, ಕುಳಿತವರ ಉಸಿರಿನ ಆವಿ ಇವು ಮಳೆಯಿಂದ ತಣಿದ ಗಾಜನ್ನು ಮುಟ್ಟಿ ಮಂಜಾಗಿ ಕೂರುತ್ತವೆ. ಕ್ಷಣಾರ್ಧದಲ್ಲಿ ಮುಂದಿನ ದಾರಿ ಮಸುಕಾಗುತ್ತದೆ. ಎ.ಸಿ.ಯ ತಣ್ಣನೆಯ ಸುರುಳಿಯ ಮೇಲೆ ಹಾಯ್ದ ಗಾಳಿಯು ತನ್ನ ತೇವವನ್ನು ಅಲ್ಲಿಯೇ ನೀರಾಗಿ ಇಳಿಸಿ, ಒಣಗಿ ಬಂದು ಗಾಜನ್ನು ತಿಳಿಯಾಗಿಸುತ್ತದೆ. ಕ್ಯಾರಿಯರನು ಕಾಗದಕ್ಕಾಗಿ ಮಾಡಿದ ಉಪಾಯವು ಇಲ್ಲಿ ಜೀವ ಕಾಯುತ್ತದೆ.

ಕಾರಿನ ಅಡಿಯಿಂದ ತೊಟ್ಟಿಕ್ಕುವ ನೀರು ಇದೇ. ಆ ನೀರಿಗೂ ಬೆಲೆಯುಂಟು. ಒಂದು ಲೀಟರು ನೀರಿನ ಆವಿಯು ಮತ್ತೆ ನೀರಾಗುವಾಗ ಸುಮಾರು 24 ಲಕ್ಷ ಜೌಲುಗಳ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಆ ಶಾಖವನ್ನೂ ಕಂಪ್ರೆಸರ್ ಹೊರಕ್ಕೆ ಸಾಗಿಸಬೇಕು. ಹೀಗೆ ಇಳಿಸಿದ ಪ್ರತಿಯೊಂದು ಲೀಟರಿಗೂ ಸುಮಾರು ಕಾಲು ಯೂನಿಟ್ಟಿನಷ್ಟು ವಿದ್ಯುತ್ತು ವೆಚ್ಚವಾಗುತ್ತದೆ. ಕರಾವಳಿಯ ತೇವಭರಿತ ಸೆಕೆಯಲ್ಲಿ ಎ.ಸಿ.ಯು ಬಯಲುಸೀಮೆಯ ಒಣ ಸೆಕೆಗಿಂತ ಹೆಚ್ಚು ಬೆವರು ಸುರಿಸಬೇಕಾಗುವುದು ಇದರಿಂದಲೇ. ಆದರೂ ಮಳೆಯಲ್ಲಿ ಘಟ್ಟವಿಳಿಯುವ ಚಾಲಕನು ಒಂದೆರಡು ಕಿಲೋಮೀಟರು ಉಳಿಸುವ ಆಸೆಯಿಂದ ಎ.ಸಿ. ನಿಲ್ಲಿಸಿ, ಮಂಜು ಕವಿದ ಗಾಜನ್ನು ಅಂಗೈಯಿಂದ ಒರೆಸುತ್ತ ಕಾರು ಓಡಿಸುವುದು ಉಳಿತಾಯವಲ್ಲ, ಅವಿವೇಕ.

ಘಟ್ಟದ ಹಾದಿಯು ಕೊಡುವ ಒಂದು ಕಾಣಿಕೆಯೂ ಇದೆ. ದಾಂಡೇಲಿಯಿಂದ ಜೋಯಿಡಾ, ಅಣಶಿ ಘಟ್ಟಗಳ ಮೂಲಕ ಕದ್ರಾಕ್ಕೆ ಇಳಿದು ಕಾರವಾರವನ್ನು ಸೇರುವ ಹಾದಿಯಲ್ಲಿ ವಿದ್ಯುತ್ ಕಾರೊಂದು 500 ಮೀಟರು ಕೆಳಗಿಳಿಯಿತೆಂದು ಭಾವಿಸೋಣ. ಜನರೂ ಸೇರಿ ಅದರ ತೂಕವು 1500 ಕಿಲೋಗ್ರಾಂ ಇದ್ದರೆ ಇಳಿತದಿಂದ ದೊರೆಯಬಹುದಾದ ಶಕ್ತಿಯು ಸುಮಾರು ಎರಡು ಯೂನಿಟ್ಟು. ಪೆಟ್ರೋಲಿನ ಕಾರಿನಲ್ಲಿ ಇದರಲ್ಲಿ ಬಹುಪಾಲು ಬ್ರೇಕುಗಳ ಬಿಸಿಯಾಗಿ ಹಾಳಾಗುತ್ತದೆ. ವಿದ್ಯುತ್ ಕಾರಿನಲ್ಲಿ ಇಳಿಜಾರಿನಲ್ಲಿ ಮೋಟಾರೇ ವಿದ್ಯುಜ್ಜನಕವಾಗಿ ತಿರುಗಿ ಬ್ಯಾಟರಿಗೆ ವಿದ್ಯುತ್ತನ್ನು ಮರಳಿ ತುಂಬುತ್ತದೆ. ನಷ್ಟಗಳನ್ನೆಲ್ಲ ಕಳೆದು ಒಂದು ಯೂನಿಟ್ಟು ಮರಳಿ ಬಂದರೂ ಒಂದು ಗಂಟೆಯ ಎ.ಸಿ.ಗೆ ಅದು ಸಾಕು. ಕಾಳಿಯ ನೀರು ನಾಗಝರಿಯಲ್ಲಿ ಧುಮುಕಿ ಮಾಡುವ ಕೆಲಸವನ್ನು ಕಾರು ಘಟ್ಟದ ತಿರುವುಗಳಲ್ಲಿ ಸಣ್ಣ ಪ್ರಮಾಣದಲ್ಲಿ ಮಾಡುತ್ತದೆಂದು ಹೇಳಬಹುದು. ಹಿಂದಿರುಗಿ ಘಟ್ಟ ಹತ್ತುವಾಗ ಆ ಸಾಲವನ್ನು ಬಡ್ಡಿಸಹಿತ ತೀರಿಸಬೇಕಾಗುತ್ತದೆಂಬುದು ಬೇರೆ ಮಾತು.

ಹಾಗಾದರೆ ಮಿತವ್ಯಯದ ದಾರಿಗಳು ಯಾವುವು? ಅವು ಮನೆಯ ಹಿರಿಯರಿಗೆ ಹೊಸತಾಗಿ ಕಾಣಲಾರವು. ಕಾರನ್ನು ಮರದ ನೆರಳಿನಲ್ಲಿ ನಿಲ್ಲಿಸಬೇಕು. ಬಿಸಿಲಿನಲ್ಲಿ ಕಾದ ಕಾರನ್ನು ಏರುವ ಮುನ್ನ ಬಾಗಿಲುಗಳನ್ನು ತುಸು ಹೊತ್ತು ತೆರೆದಿಟ್ಟರೆ ಕಾದ ಗಾಳಿಯು ಬಿಟ್ಟಿಯಾಗಿ ಹೊರಹೋಗುತ್ತದೆ. ಬ್ಯಾಟರಿಗೆ ವಿದ್ಯುತ್ ತುಂಬುವ ತಂತಿ ಇನ್ನೂ ಜೋಡಿಸಿರುವಾಗಲೇ ಕಾರಿನ ಒಳಗನ್ನು ತಂಪಾಗಿಸಿಕೊಂಡರೆ ಮೊದಲ ನಿಮಿಷಗಳ ಆ ಭಾರಿ ವೆಚ್ಚವು ಪ್ರಯಾಣದ ಬುತ್ತಿಯಿಂದ ಹೋಗದು. ಹೊರಗಿನ ಬಿಸಿ ಗಾಳಿಯನ್ನು ಮತ್ತೆ ಮತ್ತೆ ಎಳೆದುಕೊಳ್ಳುವ ಬದಲು ಒಳಗೆ ತಣಿದ ಗಾಳಿಯನ್ನೇ ಸುತ್ತಿಸಿದರೆ ಯಂತ್ರಕ್ಕೆ ಕೆಲಸ ಕಡಿಮೆ; ನಡುನಡುವೆ ಹೊಸ ಗಾಳಿಯನ್ನು ಬಿಟ್ಟುಕೊಂಡರಾಯಿತು. ನಿಧಾನವಾಗಿ ಸಾಗುವಾಗ ಕಿಟಕಿ ತೆರೆದರೆ ಸಾಕಾಗಬಹುದು. ಆದರೆ ಹೆದ್ದಾರಿಯ ವೇಗದಲ್ಲಿ ತೆರೆದ ಕಿಟಕಿಯು ಗಾಳಿಯ ತಡೆಯನ್ನು ಹೆಚ್ಚಿಸಿ ಗಾಲಿಯ ಪಾಲನ್ನೇ ಏರಿಸುತ್ತದೆ.

ಎಲ್ಲಕ್ಕೂ ಮಿಗಿಲಾದುದು ಹದವನ್ನರಿಯುವುದು. ಎ.ಸಿ.ಯನ್ನು 18 ಡಿಗ್ರಿಗೆ ಇಳಿಸಿ, ಚಳಿಯಾಯಿತೆಂದು ಹೊದಿಕೆ ಹೊದ್ದು ಕೂರುವವರುಂಟು. 25 ಡಿಗ್ರಿಯಲ್ಲಿ ದೇಹಕ್ಕೆ ಸುಖವಿದೆ. ಅದಕ್ಕಿಂತ ಕೆಳಗಿಳಿದ ಒಂದೊಂದು ಡಿಗ್ರಿಗೂ ಕಂಪ್ರೆಸರ್ ಹೆಚ್ಚು ಉಣ್ಣುತ್ತದೆ. ಭಾರತ ಸರ್ಕಾರವು 2020ರಿಂದ, ನಕ್ಷತ್ರದ ಗುರುತು ಪಡೆಯುವ ಕೋಣೆಯ ಹವಾನಿಯಂತ್ರಕಗಳು 24 ಡಿಗ್ರಿಯಲ್ಲಿಯೇ ಆರಂಭವಾಗುವಂತಿರಬೇಕೆಂದು ವಿಧಿಸಿದ್ದು ಇದನ್ನರಿತೇ. ಕಾರಿನೊಳಗೂ ಈ ಹದವೇ ಸರಿಯಾದುದು.

ಮಿತವ್ಯಯವೆಂದರೆ ಸುಖವನ್ನು ಶಪಿಸುವುದಲ್ಲ. ಎಳೆಯ ಮಗುವಿಗೆ, ಮುದುಕರಿಗೆ, ಆಸ್ಪತ್ರೆಗೆ ಹೋಗುತ್ತಿರುವ ರೋಗಿಗೆ ಬಿರುಬೇಸಗೆಯಲ್ಲಿ ತಂಪುಗಾಳಿಯು ಭೋಗವಲ್ಲ, ಅಗತ್ಯ. ಮಳೆಯಲ್ಲಿ ಚಾಲಕನಿಗೆ ತಿಳಿಗಾಜು ಅಗತ್ಯ. ಅಗತ್ಯಕ್ಕೆ ಧಾರಾಳವಾಗಿ ಕೊಡಬೇಕು, ಅಜಾಗ್ರತೆಗೆ ಕೊಡಬಾರದು. ಇವೆರಡರ ನಡುವಣ ಗೆರೆಯನ್ನು ಕಾಣಬೇಕಾದರೆ ಲೆಕ್ಕ ತಿಳಿದಿರಬೇಕು. ಲೆಕ್ಕ ತಿಳಿಯದವನು ಒಂದೋ ಹೆದರಿ ಬೆವರುತ್ತ ಕೂರುತ್ತಾನೆ, ಇಲ್ಲವೇ ದುಂದು ಮಾಡಿ ದಾರಿಯ ನಡುವೆ ನಿಲ್ಲುತ್ತಾನೆ.

ಕಾರಿನಲ್ಲಿ ಒಂದು ಗಂಟೆ ತಂಪಾಗಿ ಕುಳಿತುದಕ್ಕೆ ಒಂದು ಯೂನಿಟ್ಟು. ಒಂದು ಯೂನಿಟ್ಟಿಗೆ 100 ಮೀಟರು ಇಳಿಯುವ 270 ಕೊಡ ನೀರು. ಆ ನೀರು ಒಂದೆಡೆ ನಿಲ್ಲಲೆಂದು ಒಂದು ಊರು ತನ್ನ ಬೀದಿಗಳನ್ನು, ಅಂಗಳಗಳನ್ನು, ಗದ್ದೆಗಳನ್ನು ಬಿಟ್ಟುಕೊಟ್ಟಿತು. ಹಾಗೆ ಬಿಟ್ಟುಕೊಟ್ಟವರಲ್ಲಿ ಅನೇಕರು ವಿದ್ಯುತ್ ಕಾರನ್ನು ಕಂಡಿರಲಾರರು. ಅವರ ತ್ಯಾಗವನ್ನು ಹಿಂದಕ್ಕೆ ಕೊಡಲು ಈಗ ಯಾರಿಂದಲೂ ಆಗದು. ಅವರ ನೆಲದ ಮೇಲೆ ನಿಂತ ನೀರಿನಿಂದ ಹುಟ್ಟಿದ ಶಕ್ತಿಯನ್ನು ಅಳೆದು ಬಳಸುವುದು ಮಾತ್ರ ಎಲ್ಲರಿಂದಲೂ ಆಗುವ ಕೆಲಸ.